ಇನ್ನೂರನೆಯ ಹಕ್ಕಿ

ನನ್ನ ದೊಡ್ಡಮ್ಮನಿಗೆ ಅರವತ್ತೊಂದು ವರ್ಷ. ಜನರನ್ನು ಕರೆದುಕೊಂಡು ಹೋಗಿ ಹಕ್ಕಿ ತೋರಿಸುವುದು ಅವಳ ಕೆಲಸ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ "ಅದಕ್ಕೂ ದುಡ್ಡು ಕೊಡ್ತಾರಾ?" ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವಳದು ಒಂದೇ ಉತ್ತರ: "ತೋರಿಸೋದಕ್ಕೆ ಕೊಡ್ತಾರೆ. ಹಕ್ಕಿ ಬಿಟ್ಟಿ."

ಅದಕ್ಕೆ ಮೊದಲು ಅವಳು ಬಂದರಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಎರಡನೆಯ ಮಹಡಿಯಲ್ಲಿ ಮೂಲೆಯ ಮೇಜು, ಅದರ ಒಂದು ಕಾಲಿನ ಕೆಳಗೆ ಮಡಿಸಿಟ್ಟ ರಟ್ಟು, ಎದುರಿಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಪೂರ್ತಿ ಮುಚ್ಚದ ಕಿಟಕಿ. ಬಂದ ಹಡಗಿನ ಹೆಸರು, ಅದು ಹೊರಟ ಊರು, ತಂದ ಸರಕು, ಇಷ್ಟನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು. ಕಿಟಕಿಯಾಚೆ ಹಡಗುಕಟ್ಟೆ ಮುಗಿದು ಕೆಸರಿನ ಬಯಲು ಶುರುವಾಗುತ್ತಿತ್ತು. ಕಡಲು ಇಳಿದಾಗ ಅಲ್ಲಿ ಉದ್ದ ಕಾಲಿನ ಹಕ್ಕಿಗಳು ಓಡಾಡುತ್ತಿದ್ದವು. ಊಟದ ಬಿಡುವಿನಲ್ಲಿ ಅವನ್ನು ನೋಡುತ್ತ ನೋಡುತ್ತ ಒಂದು ಶರತ್ಕಾಲ ಅವಳು ರಿಜಿಸ್ಟರಿನ ಕೊನೆಯ ಪುಟಗಳಲ್ಲಿ ಅವನ್ನೂ ಬರೆಯತೊಡಗಿದಳು. ಬಂದವರು: ಬಾಗುಕೊಕ್ಕಿನ ಗೊರವ, ಹನ್ನೊಂದು. ಎಲ್ಲಿಂದ: ಉತ್ತರ. ಸರಕು: ಇಲ್ಲ.

ತಪಾಸಣೆಗೆ ಬಂದ ಅಧಿಕಾರಿಯ ಕಣ್ಣಿಗೆ ಅದು ಬಿತ್ತು. ಕಚೇರಿಯ ರಿಜಿಸ್ಟರಿನಲ್ಲಿ ಇದೇನೆಂದು ಕೇಳಿ ನೋಟಿಸು ಬಂತು. ಆ ಹಾಳೆಯ ಕೆಳಗೇ ದೊಡ್ಡಮ್ಮ ಉತ್ತರ ಬರೆದು ಕಳಿಸಿದಳು: 'ಅವೂ ಬಂದದ್ದು ನಿಜ.'

ಮೂರು ವರ್ಷದ ಮೇಲೆ ಅದೇ ಅಧಿಕಾರಿ, ಬರದೇ ಇದ್ದ ಹಡಗೊಂದನ್ನು ಬಂದಿದೆ ಎಂದು ಬರೆಯಲು ಹೇಳಿದ. ಅವಳು ಬರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಬಂದುಬಿಟ್ಟಳು. ಚಪ್ಪಲಿ ಅಂಗಡಿ ಇಟ್ಟಿದ್ದ ದೊಡ್ಡಪ್ಪ "ಇನ್ನೇನು ಮಾಡ್ತೀಯ?" ಎಂದು ಕೇಳಿದ್ದಕ್ಕೆ "ಹಕ್ಕಿ ನೋಡ್ತೀನಿ" ಎಂದಳಂತೆ. ದೊಡ್ಡಪ್ಪ "ಹಾಗಾದ್ರೆ ಕಾಲು ಅಳತೆ ಕೊಡು, ನೀರು ಹೋಗದ ಬೂಟು ಹೊಲಿದುಕೊಡ್ತೀನಿ" ಎಂದರಂತೆ. ಆ ಬೂಟಿಗೆ ಇಲ್ಲಿಯವರೆಗೆ ಒಂಬತ್ತು ಸಲ ಅಟ್ಟೆ ಬದಲಾಗಿದೆ.

ಅವಳ ಪ್ರವಾಸ ಆರು ದಿನದ್ದು. ಉತ್ತರದ ಹಕ್ಕಿಗಳು ಇಳಿಯತೊಡಗಿದ ಮೇಲೆ ಹೊರಡುವುದು. ಎರಡು ದಿನ ಕಡಲತೀರ, ಎರಡು ದಿನ ಜೌಗು, ಎರಡು ದಿನ ಬೆಟ್ಟ. ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಮೇಜಿನ ಸುತ್ತ ಕೂತಾಗ ಅವಳು ಪಟ್ಟಿ ಓದುತ್ತಾಳೆ, ಒಂದೊಂದೇ ಹೆಸರು. ಕಂಡವರು ಬೆರಳೆತ್ತಬೇಕು. ಪಟ್ಟಿಗೆ ಸೇರಬೇಕಾದರೆ ಆ ಹಕ್ಕಿಯನ್ನು ಅವಳು ತಾನೇ ಕಂಡಿರಬೇಕು, ಇಲ್ಲವೇ ಅದರ ದನಿ ಕೇಳಿರಬೇಕು. ಜೊತೆಗೆ ಇನ್ನೊಂದು ಬೆರಳಾದರೂ ಏಳಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಅವಳ ಕೆಂಪು ಪೆನ್ಸಿಲು ಆ ಹೆಸರನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಅತ್ತು ಕರೆದರೂ ಹಿಂದಕ್ಕೆ ಬರುವುದಿಲ್ಲ.

ನಾನು ಹೇಳುತ್ತಿರುವುದು ಹೋದ ವರ್ಷದ ಪ್ರವಾಸದ ಮಾತು. ಅಷ್ಟರಲ್ಲಿ ಪ್ರವಾಸದ ಕಂಪನಿಯ ಹಳೆಯ ಮಾಲೀಕರು ತೀರಿಕೊಂಡು ಮಗ ಅವರ ಕುರ್ಚಿಗೆ ಬಂದಿದ್ದ. ಅವನು ಹೊಳೆಯುವ ಕಾಗದದಲ್ಲಿ ಹೊಸ ಕರಪತ್ರ ಅಚ್ಚು ಹಾಕಿಸಿದ: 'ಆರು ದಿನ. ಇನ್ನೂರು ಹಕ್ಕಿ. ಖಾತ್ರಿ.' ದೊಡ್ಡಮ್ಮ ಅದನ್ನು ಹಿಡಿದುಕೊಂಡು ಅವನ ಕಚೇರಿಗೇ ಹೋದಳು.

"ಹಕ್ಕಿಗಳಿಗೆ ಹೇಳಿದ್ದೀಯೇನಪ್ಪಾ?"

ಅವನು ನಕ್ಕ. "ಆಂಟಿ, ಈಗ ಎಲ್ಲರೂ ನಂಬರ್ ಕೇಳ್ತಾರೆ. ಹಿಂದಿನ ಸಲ ನಿಮ್ಮದು ನೂರ ಎಂಬತ್ತೇಳು. ಬೇರೆ ಗೈಡುಗಳು ಸ್ಪೀಕರಲ್ಲಿ ದನಿ ಹಾಕಿ ಹಕ್ಕೀನ ಹತ್ರ ಕರೆಸ್ತಾರೆ. ನೀವು ಅದೂ ಬೇಡ ಅಂತೀರಿ."

"ಸಾವಿರ ಮೈಲಿ ಹಾರಿ ಸುಸ್ತಾಗಿ ಬಂದಿರ್ತವೆ. ಸುಳ್ಳು ದನಿ ಕೇಳಿಸಿ ಅವನ್ನ ಯಾಕೆ ಓಡಾಡಿಸ್ಬೇಕು?"

"ಸರಿ, ನಿಮ್ಮಿಷ್ಟ. ಹೇಗಾದ್ರೂ ತೋರ್ಸಿ. ಈ ಸಲ ಇನ್ನೂರು ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ನೀವು ಮನೇಲಿ ರೆಸ್ಟ್ ತಗೊಳ್ಳಿ."

"ರೆಸ್ಟ್ ತಗೋಬೇಕಂತೆ" ಎಂದು ಅವಳು ಮನೆಗೆ ಬಂದು ಹೇಳಿದ ಧಾಟಿ ಕೇಳಿದ್ದರೆ, ಯಾರೋ ಅವಳಿಗೆ ಶಿಕ್ಷೆ ಓದಿ ಹೇಳಿದ್ದಾರೆ ಎಂದುಕೊಳ್ಳಬೇಕಿತ್ತು.

ಆ ಹುಡುಗ ಮಾಲೀಕನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಆಗ ನನಗೂ ಗೊತ್ತಿರಲಿಲ್ಲ. ಎರಡು ವರ್ಷಗಳಿಂದ ದೊಡ್ಡಮ್ಮನಿಗೆ ಸಣ್ಣ ದನಿಗಳು ಕೇಳಿಸುತ್ತಿರಲಿಲ್ಲ. ಮಾತು ಕೇಳಿಸುತ್ತಿತ್ತು, ಹಾರ್ನ್ ಕೇಳಿಸುತ್ತಿತ್ತು, ಗೊರವದ ಕೂಗೂ ಕೇಳಿಸುತ್ತಿತ್ತು. ಎಳೆಯಾಗಿ ಮೇಲಕ್ಕೆ ಹೋಗುವ ದನಿಗಳು ಮಾತ್ರ ಇಲ್ಲ. ಬೆಟ್ಟದ ಪೈನ್ ಮರಗಳ ತುದಿಯಲ್ಲಿ ಓಡಾಡುವ ಒಂದು ಹಕ್ಕಿಗೆ ಅವಳು ಸೂಜಿ ಎಂದು ತಾನೇ ಹೆಸರಿಟ್ಟಿದ್ದಳು. ಹೆಬ್ಬೆರಳಿನಷ್ಟು ಗಾತ್ರ, ನೆತ್ತಿಯ ಮೇಲೊಂದು ಹಳದಿ ಗೆರೆ, ದನಿಯೆಂದರೆ ಸೂಜಿಯ ಮೊನೆಯೇ. ಒಂದು ದಿನ ಅದು ಕಣ್ಣೆದುರೇ ಕೊಕ್ಕು ತೆರೆದು ಮುಚ್ಚಿತು, ತೆರೆದು ಮುಚ್ಚಿತು. ಅವಳಿಗೆ ಬರೀ ಗಾಳಿ ಕೇಳಿಸಿತು.

ಇದನ್ನು ಅವಳು ಒಬ್ಬನಿಗೇ ಹೇಳಿದ್ದಳು, ವ್ಯಾನಿನ ಡ್ರೈವರನಿಗೆ. ಸೈಕಲ್ಲಿನವರೂ ಹಿಂದೆ ಹಾಕುವಷ್ಟು ಮೆಲ್ಲಗೆ ಓಡಿಸುವುದರಿಂದ ಅವನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಅವಳ ಜೊತೆ ತಿರುಗಿ ಹಕ್ಕಿಗಳ ದನಿ ಅವನಿಗೂ ಬಾಯಿಪಾಠವಾಗಿತ್ತು. ಇಬ್ಬರೂ ಸೇರಿ ಒಂದು ಉಪಾಯ ಮಾಡಿಕೊಂಡಿದ್ದರು. ಸಣ್ಣ ದನಿ ಎಡಕ್ಕೆ ಕೇಳಿದರೆ ನಿಧಾನಪ್ಪ ಹಳದಿ ಬಟ್ಟೆ ತೆಗೆದು ವ್ಯಾನಿನ ಎಡಗಡೆಯ ಕನ್ನಡಿ ಒರೆಸಬೇಕು, ಬಲಕ್ಕೆ ಕೇಳಿದರೆ ಬಲಗಡೆಯದು. ಅವಳು ಆ ಕಡೆ ದುರ್ಬೀನು ತಿರುಗಿಸಿ ಹಕ್ಕಿಯನ್ನು ಕಣ್ಣಿನಿಂದ ಹಿಡಿಯುತ್ತಿದ್ದಳು. ಕಣ್ಣಿಗೆ ಸಿಕ್ಕಿದ ಮೇಲಷ್ಟೇ ಪಟ್ಟಿಗೆ. ಆ ವ್ಯಾನಿನ ಕನ್ನಡಿಗಳಷ್ಟು ಚೊಕ್ಕಟವಾದ ಕನ್ನಡಿಗಳನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ಸೀಟು ಖಾಲಿ ಉಳಿದದ್ದರಿಂದ ಆ ಸಲ ನಾನೂ ಹೋದೆ. ಬಂದವರು ನಾಲ್ವರು. ನಿವೃತ್ತರಾದ ಹೆಡ್‌ಮೇಡಂ ಒಬ್ಬರು, ಬಲಗಿವಿಯಲ್ಲಿ ಕೇಳುವ ಯಂತ್ರ, ಕೊರಳಲ್ಲಿ ಎರಡು ಕನ್ನಡಕ. ಒಬ್ಬರು ಹಲ್ಲಿನ ಡಾಕ್ಟರು. ಅವರ ಭಾವಮೈದುನ ಎಲ್ಲೋ ನೂರ ತೊಂಬತ್ತೊಂಬತ್ತು ಹಕ್ಕಿ ನೋಡಿ ಬಂದಿದ್ದನಂತೆ, ಇವರು ಅದನ್ನು ಮೀರಿಸಲೇಬೇಕೆಂದು ಹೊರಟಿದ್ದರು. ಮತ್ತಿಬ್ಬರು ಹೊಸದಾಗಿ ಮದುವೆಯಾದವರು. ಅವರ ದುರ್ಬೀನುಗಳಿಗೆ ಹೆಚ್ಚು ಕೆಲಸ ಬೀಳಲಿಲ್ಲ.

ಮೊದಲ ದಿನ ಕೆಸರಿನ ಬಯಲಿನ ಅಂಚಿನಲ್ಲಿ ದೊಡ್ಡಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಹಕ್ಕಿಗಳು ದೂರದಲ್ಲಿ ಚುಕ್ಕಿಗಳಂತಿದ್ದವು. ಡಾಕ್ಟರು ಹತ್ತಿರ ಹೋಗೋಣವೆಂದು ಚಡಪಡಿಸಿದರು.

"ಹಕ್ಕಿ ನೋಡ್ಬೇಡಿ ಡಾಕ್ಟ್ರೇ, ನೀರು ನೋಡಿ. ಇನ್ನೆರಡು ಗಂಟೇಲಿ ಕಡಲು ಉಕ್ಕುತ್ತೆ. ಅದೇ ಅವನ್ನ ನಿಮ್ಮ ಕಾಲ ಹತ್ರ ತಳ್ಳಿಕೊಂಡು ಬರುತ್ತೆ."

ಹಾಗೇ ಆಯಿತು. ನೀರು ಬೆರಳು ಬೆರಳಾಗಿ ಕೆಸರಿಗೆ ನುಗ್ಗಿತು. ಚುಕ್ಕಿಗಳು ಹಿಂದೆ ಸರಿಯುತ್ತ ಸರಿಯುತ್ತ ಕಾಲು, ಕೊಕ್ಕು, ಕಣ್ಣುಗಳಾಗಿ ನಮ್ಮೆದುರಿಗೆ ಬಂದು ನಿಂತವು. ಒಂದು ಸಣ್ಣ ಹಕ್ಕಿ ಹೆಡ್‌ಮೇಡಮ್ಮಿನ ಬೂಟಿನ ಪಕ್ಕದಲ್ಲೇ ಕಣ್ಣು ಮುಚ್ಚಿತು. ಅದು ನಿದ್ದೆ ಮುಗಿಸುವವರೆಗೆ ಯಾರೂ ಅಲುಗಾಡಲಿಲ್ಲ.

ಜೌಗಿನಲ್ಲಿ ಜೊಂಡಿನ ನಡುವಿನ ಹಲಗೆ ದಾರಿ. ಬಾತುಗಳೆಲ್ಲ ಒಂದೇ ಮಣ್ಣುಬಣ್ಣದಲ್ಲಿ ತೇಲುತ್ತಿದ್ದವು.

"ಪುಸ್ತಕದಲ್ಲಿ ಎಷ್ಟು ಚಂದ ಇವೆ! ಇವೆಲ್ಲ ಒಂದೇ ಥರ ಕಾಣ್ತವಲ್ಲ ಮೇಡಂ" ಎಂದರು ಡಾಕ್ಟರು.

"ಪ್ರಯಾಣದ ಬಟ್ಟೆ ಡಾಕ್ಟ್ರೇ. ನೀವು ಬಸ್ಸಲ್ಲಿ ಬರುವಾಗ ಮದುವೆ ಕೋಟು ಹಾಕ್ಕೋತೀರಾ?"

ಅಲ್ಲೇ ಎಲ್ಲರೂ ಚಹಾಕ್ಕೆ ಬಗ್ಗಿದ್ದಾಗ ಡಾಕ್ಟರಿಗೊಬ್ಬರಿಗೇ ಬೇಟೆಯ ಹಕ್ಕಿ ಡೇಗೆಯೊಂದು ಕಂಡಿತು. ಸಂಜೆ ಪಟ್ಟಿಯಲ್ಲಿ ಅದನ್ನು ಸೇರಿಸಬೇಕೆಂದು ಪಟ್ಟು ಹಿಡಿದರು.

"ನಿಮ್ಮ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಇದು ನಮ್ಮೆಲ್ಲರ ಪಟ್ಟಿ. ನಾನು ನೋಡಿಲ್ಲ" ಎಂದಳು ದೊಡ್ಡಮ್ಮ.

"ನಾನು ಸುಳ್ಳು ಹೇಳ್ತೀನಾ?"

"ಇಲ್ಲ. ಆದ್ರೆ ಬರೆಯೋಳು ನಾನು."

ನಾಲ್ಕನೆಯ ಸಂಜೆಗೆ ನೂರ ಅರವತ್ತೆಂಟು. ಐದನೆಯ ಸಂಜೆ ಬೆಟ್ಟದ ತಂಗುಮನೆಯಲ್ಲಿ ನೂರ ತೊಂಬತ್ತು. ಕೊನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ನೂರ ತೊಂಬತ್ತೊಂಬತ್ತು. ಬೆಳಕು ಇಳಿಯುತ್ತಿತ್ತು. ಇನ್ನೊಂದೇ ಒಂದು.

ಪೈನ್ ಮರಗಳ ಕೆಳಗೆ ವ್ಯಾನು ನಿಂತಿತ್ತು. ಗಾಳಿ ಕೊರೆಯುತ್ತಿತ್ತು. ಹೆಡ್‌ಮೇಡಂ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ದೊಡ್ಡಮ್ಮನ ಬಲಕ್ಕೆ ನಿಂತರು. ಸ್ವಲ್ಪ ಹೊತ್ತಿಗೆ ನಿಧಾನಪ್ಪ ಬಲಗಡೆಯ ಕನ್ನಡಿ ಒರೆಸಿದ. ದೊಡ್ಡಮ್ಮ ದುರ್ಬೀನು ಎತ್ತಿ ಕೊಂಬೆ ಕೊಂಬೆ ತಡಕಿದಳು. ಏನೂ ಇಲ್ಲ. ನಿಧಾನಪ್ಪ ಮತ್ತೆ ಒರೆಸಿದ, ಕನ್ನಡಿ ಕಿತ್ತುಬರುವ ಹಾಗೆ.

"ಕೇಳ್ತಿದೆ! ಕೇಳ್ತಿದೆ!" ಡಾಕ್ಟರು ಪಿಸುಗುಟ್ಟಿದರು. "ಸೀ... ಸೀ... ಸಣ್ಣಗೆ. ಮೇಡಂ, ನೀವು ಹೇಳಿದ್ದ ಆ ಸೂಜಿ ಅಲ್ವಾ?"

ನನಗೂ ಕೇಳಿಸಿತು. ಹೊಸ ದಂಪತಿಗೂ ಕೇಳಿಸಿತು. ಎಲ್ಲರೂ ದೊಡ್ಡಮ್ಮನ ಮುಖ ನೋಡಿದೆವು. ಅವಳು ಮರದ ತುದಿಯನ್ನು ನೋಡುತ್ತಿದ್ದಳು. ಆಮೇಲೆ ನಿಧಾನಪ್ಪನನ್ನು ನೋಡಿದಳು. ಅವನು ಕಣ್ಣಲ್ಲೇ ಹೌದೆಂದ.

"ಹೂಂ. ಸೂಜಿ" ಎಂದಳು.

ಡಾಕ್ಟರು ಕುಣಿದರು. ಸಂಜೆ ಪಟ್ಟಿ ಓದುವಾಗ ಆ ಹೆಸರಿಗೆ ಎಲ್ಲರ ಬೆರಳೂ ಎದ್ದಿತು, ಹೆಡ್‌ಮೇಡಮ್ಮಿನದೊಂದು ಬಿಟ್ಟು. "ನನಗೆ ಕೇಳಿಸ್ಲಿಲ್ಲಪ್ಪ" ಎಂದರು ಅವರು. ಕೊನೆಗೆ ಎದ್ದದ್ದು ದೊಡ್ಡಮ್ಮನ ಬೆರಳು, ಅರ್ಧಕ್ಕೆ. ಕೆಂಪು ಪೆನ್ಸಿಲಿನ ಗುರುತು ಬಿತ್ತು. ಅವಳು ಊಟ ಬಿಟ್ಟು ಎದ್ದಳು. ಕೇಳಿದರೆ ಚಳಿ ಎಂದಳು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾಲೀಕ ತನ್ನ ಕಾರಿನಲ್ಲಿ ಬೆಟ್ಟ ಹತ್ತಿ ಬಂದ. ರಾತ್ರಿಯೇ ಡಾಕ್ಟರು ಅವನಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದರು. ಕೈಯಲ್ಲಿ ರಟ್ಟಿನ ಡಬ್ಬಿ. ತೆರೆದರೆ ಕೇಕು, ಅದರ ಮೇಲೆ ಕೆನೆಯಲ್ಲಿ ಬರೆದ ಇನ್ನೂರು. ಇನ್ನೂರು ಹಕ್ಕಿ ಕಂಡೆವೆಂದು ಎಲ್ಲರೂ ಸಹಿ ಹಾಕಲು ಒಂದು ಹಾಳೆಯನ್ನೂ ತಂದಿದ್ದ. ಮುಂದಿನ ಕರಪತ್ರಕ್ಕೆ ಬೇಕಂತೆ. "ಆಂಟಿ, ನೀವು ಗ್ರೇಟ್! ಬನ್ನಿ, ಫೋಟೋ" ಎಂದು ಅವಳ ಭುಜ ಹಿಡಿದ. ಊಟದ ಕೋಣೆಯಲ್ಲಿ ಚಳಿ ಕಾಯುವ ಒಲೆ ಇನ್ನೂ ಹೊತ್ತಿಕೊಂಡಿರಲಿಲ್ಲ. ಹೆಡ್‌ಮೇಡಂ ಟೋಪಿ ಎಳೆದುಕೊಂಡು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು.

ಚೀಲಗಳನ್ನು ಒಯ್ಯಲು ಒಳಗೆ ಬಂದ ನಿಧಾನಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಕಿವಿ ಕೊಟ್ಟ. ಸೂರಿನತ್ತ ನೋಡಿದ, ಕಿಟಕಿಯತ್ತ ನೋಡಿದ. ಬೆಣ್ಣೆ ಸವರುವವರ ಹಿಂದೆ ಒಂದು ಸುತ್ತು ಬಂದ. ಆಮೇಲೆ ನಮ್ಮ ಮೇಜಿನ ಬಳಿ ಬಗ್ಗಿ ದೊಡ್ಡಮ್ಮನ ಕಿವಿಯಲ್ಲಿ ಹೇಳಿದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅಕ್ಕಾ, ನಮ್ಮ ಸೂಜಿ ಇಲ್ಲೇ ಕೂಗ್ತಿದೆ."

"ಎಲ್ಲಿ?"

"ಹೆಡ್‌ಮೇಡಮ್ಮಿನ ಟೋಪಿ ಒಳಗೆ."

ಟೋಪಿ ಒತ್ತಿದಾಗ ಕಿವಿಯ ಯಂತ್ರ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಹಾಕಿಕೊಂಡವರಿಗೇ ಅದು ಕೇಳಿಸುವಂತಿರಲಿಲ್ಲ. ನಿನ್ನೆ ಬೆಟ್ಟದಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ಕೇಳಿದ್ದು ಅದನ್ನೇ.

ನಿಧಾನಪ್ಪ ಇನ್ನಷ್ಟು ಬಗ್ಗಿದ. "ತಪ್ಪು ನಂದು ಅಕ್ಕಾ. ಯಾರಿಗೂ ಗೊತ್ತಾಗಿಲ್ಲ. ಬಿಟ್ಬಿಡಿ. ಇಷ್ಟು ವರ್ಷದ ಕೆಲಸ ಹೋಗಿಬಿಡುತ್ತೆ."

ದೊಡ್ಡಮ್ಮ ಕೇಕಿನ ಕಡೆ ನೋಡಿದಳು. ಮಾಲೀಕ ಮೊಬೈಲು ಎತ್ತಿ ಹಿಡಿದು, ಎಲ್ಲರೂ ನಗಬೇಕೆಂದು ಹೇಳುತ್ತಿದ್ದ. ಅವಳು ಚೀಲದಿಂದ ಪಟ್ಟಿ ತೆಗೆದಳು, ಕೆಂಪು ಪೆನ್ಸಿಲು ತೆಗೆದಳು, ಎದ್ದು ನಿಂತಳು.

"ಒಂದು ನಿಮಿಷ. ನಿನ್ನೆ ಬರೆದ ಇನ್ನೂರನೆಯದು ಹಕ್ಕಿಯಲ್ಲ. ನಾನು ಹೊಡೆದುಹಾಕ್ತಿದ್ದೀನಿ."

"ಏನು ಮೇಡಂ! ನಾನೇ ಕೇಳಿದ್ದೀನಿ!" ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿದರು.

"ನೀವು ಕೇಳಿದ್ರಿ. ನಾನು ಕೇಳಿರ್ಲಿಲ್ಲ. ನನಗೆ ಸಣ್ಣ ದನಿಗಳು ಕೇಳಿಸೋದು ನಿಂತು ಎರಡು ವರ್ಷ ಆಯ್ತು." ಅವಳ ದನಿ ಪಟ್ಟಿ ಓದುವಾಗಿನ ದನಿಯೇ ಆಗಿತ್ತು. "ನಿಧಾನಪ್ಪ ಬಟ್ಟೇಲಿ ಸನ್ನೆ ಮಾಡ್ತಿದ್ದ. ಹಾಗೆ ಸಿಕ್ಕಿದ ಮಿಕ್ಕ ಏಳು ಹಕ್ಕೀನ ನಾನು ಕಣ್ಣಾರೆ ನೋಡಿದ್ದೀನಿ, ಅವು ಇರ್ತವೆ. ಇದನ್ನ ನೋಡ್ಲಿಲ್ಲ. ನೋಡದೇ ಹೂಂ ಅಂದೆ. ಅದು ನನ್ನ ತಪ್ಪು."

"ಮತ್ತೆ ಆ ದನಿ ಯಾವುದು?" ಕೇಳಿದವರು ಹೆಡ್‌ಮೇಡಂ.

ದೊಡ್ಡಮ್ಮ ಮೊದಲ ಸಲ ತಡವರಿಸಿದಳು. ಅವರ ಬಳಿ ಹೋಗಿ, ಬಗ್ಗಿ, ಮೆಲ್ಲಗೆ ಹೇಳಿದಳು. ಹೆಡ್‌ಮೇಡಂ ಟೋಪಿ ತೆಗೆದರು. ಯಂತ್ರ ಬಿಚ್ಚಿ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಸೀ... ಸೀ... ಮುಷ್ಟಿ ತೆರೆದರು. ನಿಂತಿತು. 

"ಮೂವತ್ತೆರಡು ವರ್ಷ ಮಕ್ಕಳಿಗೆ ಕ್ಲಾಸಲ್ಲಿ ಸಿಳ್ಳೆ ಹೊಡೀಬೇಡಿ ಅಂತ ಬೈದೋಳು ನಾನು" ಎಂದರು ಅವರು. ಆಮೇಲೆ ಅವರು ನಕ್ಕ ನಗುವಿಗೆ ಬೆಣ್ಣೆಯ ಚಾಕು ನೆಲಕ್ಕೆ ಬಿತ್ತು.

ಮಾಲೀಕ ಮೊಬೈಲು ಇಳಿಸಿ ಹತ್ತಿರ ಬಂದ. ದನಿ ತಗ್ಗಿಸಿದ.

"ಆಂಟಿ, ಒಂದೇ ಒಂದು ಹಕ್ಕಿ. ಯಾರು ನೋಡ್ತಾರೆ?"

"ಯಾರೂ ನೋಡಿಲ್ಲ. ನಾನೂ ಅದನ್ನೇ ಹೇಳ್ತಿರೋದು."

"ಕಿವಿ ಕೇಳದೇ ಇರೋರನ್ನ ನಾನು ಗೈಡ್ ಅಂತ ಕಳಿಸೋಕಾಗಲ್ಲ."

"ಕಿವೀಲಿ ಸ್ವಲ್ಪ ಹೋಗಿದೆ. ಕಣ್ಣು ಹೋಗಿಲ್ಲ, ಕಾಲು ಹೋಗಿಲ್ಲ. ನೀರು ಯಾವಾಗ ಉಕ್ಕುತ್ತೆ ಅನ್ನೋದು ಮರೆತಿಲ್ಲ. ನೂರ ತೊಂಬತ್ತೊಂಬತ್ತು ತೋರಿಸಿದ್ದೀನಿ. ನಿಮ್ಮಪ್ಪ ಇದ್ದಾಗಲೂ ಇಷ್ಟು ಆಗಿರ್ಲಿಲ್ಲ."

"ಹಾಗಾದ್ರೆ ಮುಂದಿನ ವರ್ಷ ನೀವಿಲ್ಲ."

"ನಿನ್ನ ಕರಪತ್ರದಲ್ಲಿ ನಾನಿಲ್ಲ. ಕಡಲಲ್ಲಿ ಇರ್ತೀನಿ, ಕೆಸರಲ್ಲಿ ಇರ್ತೀನಿ, ಈ ಬೆಟ್ಟದಲ್ಲೂ ಇರ್ತೀನಿ. ಅವು ನಿಮ್ಮ ಕಂಪನೀದಲ್ಲ."

"ಕಾಲ್ನಡಿಗೇಲಿ ಬರ್ತೀರಾ?"

ಬಾಗಿಲಲ್ಲಿ ನಿಧಾನಪ್ಪ ಕೆಮ್ಮಿದ. "ವ್ಯಾನು ನಂದು ಸಾರ್. ನೀವು ಬಾಡಿಗೆಗೆ ತಗೊಂಡಿದ್ದು."

ದೊಡ್ಡಮ್ಮ ಅಲ್ಲೇ ನಿಂತು ಪಟ್ಟಿಯ ಕೊನೆಯ ಸಾಲಿನ ಮೇಲೆ ಗೆರೆ ಎಳೆದಳು. ಅಡ್ಡಗೆರೆ, ಒಂದೇ ಸಲ. ಪಕ್ಕದಲ್ಲಿ ಸಹಿ ಹಾಕಿದಳು. ಡಾಕ್ಟರು ಬಹಳ ಹೊತ್ತು ತಮ್ಮ ನೋಟ್‌ಬುಕ್ಕನ್ನು ನೋಡುತ್ತ ಕೂತಿದ್ದು, ಕೊನೆಗೆ ಮಾಲೀಕನ ಹಾಳೆಗೆ ಸಹಿ ಹಾಕಿದರು. ಹೊಸ ದಂಪತಿಯೂ ತೋರಿಸಿದಲ್ಲಿ ಹಾಕಿದರು. ಹೆಡ್‌ಮೇಡಂ ಆ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಒಂದು ಕಡೆ ಅಕ್ಷರದ ತಪ್ಪು ತಿದ್ದಿ, ಸಹಿ ಹಾಕದೆ ಹಿಂದಿರುಗಿಸಿದರು.

ಕೇಕನ್ನು ಎಲ್ಲರೂ ತಿಂದೆವು. ಅದನ್ನು ಯಾಕೆ ಬಿಡಬೇಕು? "ಕೊನೆ ಸೊನ್ನೆ ಇರೋ ತುಂಡು ನನಗೆ ಕೊಡಿ" ಎಂದಳು ದೊಡ್ಡಮ್ಮ. ಹಿಂದಿನ ಸಂಜೆ ಊಟ ಬಿಟ್ಟವಳು ಎರಡು ತುಂಡು ತಿಂದಳು.

ಇಳಿಯುವಾಗ ವ್ಯಾನಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಪೈನ್ ಮರಗಳು ಮುಗಿಯುವ ತಿರುವಿನಲ್ಲಿ ನಿಧಾನಪ್ಪ ಗಾಡಿ ನಿಲ್ಲಿಸಿ, ಇಳಿದು, ಹಳದಿ ಬಟ್ಟೆ ತೆಗೆದ. ಎಡಗಡೆಯ ಕನ್ನಡಿ.

"ಸಾಕು ಮಾರಾಯ, ಬಾಯಿಬಿಟ್ಟು ಹೇಳು" ಎಂದಳು ದೊಡ್ಡಮ್ಮ. "ಈಗ ಎಲ್ಲರಿಗೂ ಗೊತ್ತಲ್ಲ."

"ಎಡಕ್ಕೆ, ಅಕ್ಕಾ. ಎರಡನೇ ಮರ. ಸೂಜಿ." ಹೆಡ್‌ಮೇಡಮ್ಮಿನ ಕಡೆ ತಿರುಗಿ, "ಟೋಪಿ ಚೀಲದಲ್ಲಿದೆ ತಾನೇ ಮೇಡಂ?" ಎಂದ.

ಎಲ್ಲರೂ ಇಳಿದು ನಿಂತೆವು. ಕಾಲು ಗಂಟೆ ನೋಡಿದೆವು. ನನಗೆ ದನಿ ಕೇಳಿಸಿತು. ಕೊಂಬೆಯೊಂದು ಸ್ವಲ್ಪ ಅಲುಗಿತು. ಹಕ್ಕಿ ಕಾಣಲಿಲ್ಲ.

"ಈಗಲಾದ್ರೂ ಬರೀರಿ ಮೇಡಂ" ಎಂದರು ಡಾಕ್ಟರು. ಅವರ ದನಿ ಬೇಡುವಂತಿತ್ತು.

"ಅದು ಇದೆ, ನಂಬ್ತೀನಿ" ಎಂದಳು ಅವಳು. "ಆದ್ರೆ ನಾನು ನೋಡ್ಲಿಲ್ಲ. ಹತ್ತಿ, ಹೊರಡೋಣ."

ಈ ವರ್ಷ ಬೇಸಿಗೆ ಕಳೆದ ಮೇಲೆ ದೊಡ್ಡಮ್ಮ ತನ್ನದೇ ಕರಪತ್ರ ಬರೆದಳು. ಊಟದ ಮೇಜಿನ ಮೇಲೆ, ಬಂದರಿನ ಕಚೇರಿಯ ಕಾಲದ ಅದೇ ದುಂಡು ಅಕ್ಷರದಲ್ಲಿ: 'ಆರು ದಿನ. ಕಡಲು, ಜೌಗು, ಬೆಟ್ಟ. ಹೋದ ವರ್ಷ ಕಂಡದ್ದು ನೂರ ತೊಂಬತ್ತೊಂಬತ್ತು. ಈ ವರ್ಷ ಎಷ್ಟೋ ಗೊತ್ತಿಲ್ಲ. ಗೈಡಿಗೆ ಸಣ್ಣ ದನಿಗಳು ಕೇಳಿಸುವುದಿಲ್ಲ, ಕೇಳಿದವರು ಹೇಳಬೇಕು.' ದೊಡ್ಡಪ್ಪ ಓದಿ, ಕೊನೆಯ ಸಾಲು ಬೇಕೇ ಎಂದು ಕೇಳಿದರು. ಅವಳು ಆ ಸಾಲಿನ ಅಡಿಯಲ್ಲಿ ಗೆರೆ ಎಳೆದಳು. ಮೊದಲ ಸೀಟು ಹೆಡ್‌ಮೇಡಮ್ಮಿನದು. ಕರಪತ್ರ ಅಚ್ಚಾಗುವ ಮೊದಲೇ ಅವರು ಫೋನು ಮಾಡಿ ಹೇಳಿಬಿಟ್ಟಿದ್ದರು.

ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುತ್ತ ನಡುವೆ ನಿಲ್ಲಿಸಿದ.

"ಅಮ್ಮಾ, ಇಲ್ಲಿ ನೂರ ತೊಂಬತ್ತೊಂಬತ್ತು ಅಂತಿದೆ. ಒಂದೇ ತಾನೇ ಕಮ್ಮಿ? ಇನ್ನೂರು ಮಾಡ್ಬಿಡ್ಲಾ? ನೋಡೋಕೂ ಚೆನ್ನಾಗಿರುತ್ತೆ."

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಗಾಜಿನ ಕಟ್ಟೆಯ ಮೇಲೆ ಬಗ್ಗಿದಳು.

"ಅದರ ಮೇಲಿಂದ ಕೈ ತೆಗಿ" ಎಂದಳು. "ಇದ್ದ ಹಾಗೇ, ಐವತ್ತು ಪ್ರತಿ."